ದೊಡ್ಡಪ್ಪನ ವಾಯ್ಸ್ ಮೆಸೇಜ್: ಕವಡೆ ಡಬ್ಬಿ ವಿಷಯ

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡುವುದು ನನ್ನ ಕೈಲಾಗಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಅಳಿಯಂದಿರಿಗೆ ಹರ್ನಿಯಾ ಆಪರೇಷನ್ ಆಗಿ ಒಂಬತ್ತು ದಿನ, ಮೊಬೈಲ್ ನೋಡಿ ನೋಡಿ ತಲೆನೋವು, ಬೇಜಾರು ತಡೆಯಲಾರದೆ ನಾಳೆಯಿಂದ ಮಂಡಿಪೇಟೆ ಅಂಗಡಿಗೆ ಹೋಗಿ ಸುಮ್ನೆ ಗಲ್ಲಾದಲ್ಲಿ ಕೂರುತ್ತೇನೆ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಸುಮ್ನೆ ಕೂರುವ ಮನುಷ್ಯರಾ ಅವರು? ಹಮಾಲಿ ಬರುವುದು ಐದು ನಿಮಿಷ ತಡವಾದರೆ ರಾಗಿ ಮೂಟೆಗೆ ತಾವೇ ಕೈ ಹಾಕುತ್ತಾರೆ. ನಮಗೆ ಗೊತ್ತಿಲ್ವಾ.

ಬೇಡ ಅನ್ನು. ನೋವು ಹೋಯಿತು ಅಂದರೆ ಒಳಗೆ ಕೂಡಿಕೊಂಡಿದೆ ಅಂತಲ್ಲ.

ನನ್ನದು 2011ರಲ್ಲಿ ಆಗಿದ್ದು ನಿಮಗೆಲ್ಲ ಗೊತ್ತಲ್ಲ. ಹನ್ನೊಂದನೇ ದಿನ. ನೋವಿದ್ದಾಗ ಅಯ್ಯೋ ಅಮ್ಮಾ ಅನ್ನುವುದರಲ್ಲೇ ಹೊತ್ತು ಹೋಗುತ್ತಿತ್ತು. ಅದು ಕಮ್ಮಿಯಾದ ಮೇಲೆ ಶುರುವಾಯಿತು ನೋಡು ಬೇಜಾರು. ಪೇಪರನ್ನು ಟೆಂಡರ್ ಜಾಹೀರಾತಿನ ಸಮೇತ ಓದಿ ಮುಗಿಸಿದ್ದೆ. ಅವತ್ತು ಸೋಮವಾರ. ನಿಮ್ಮ ದೊಡ್ಡಮ್ಮ ಸಿದ್ಧಗಂಗೆಗೆ ಹೋಗಿದ್ದಳು, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತೇನೆ ಅಂದಿದ್ದಳು. ಅವಳು ಬಂದ ಮೇಲೆ ಚೌಕಾಬಾರ ಆಡೋಣ ಅನ್ನಿಸಿತು ನನಗೆ. ಕವಡೆ ಡಬ್ಬಿ ಅಟ್ಟದ ಮೇಲೆ. ಸ್ಟೂಲ್ ಹತ್ತಿದೆ. ಅಡ್ಡಕ್ಕೆ ನಮ್ಮಮ್ಮನ ತಾಮ್ರದ ಹಂಡೆ. ಎತ್ತಲಿಲ್ಲ ಪುಟ್ಟಿ, ಬರೀ ಪಕ್ಕಕ್ಕೆ ಸರಿಸಿದೆ. ಚಳಕ್ ಅಂತು. ಹೇಗೆ ಇಳಿದೆನೋ ಶಿವನಿಗೇ ಗೊತ್ತು. ಅಡುಗೆಮನೆ ಬಾಗಿಲಲ್ಲೇ ಕುಸಿದು ಕೂತೆ. ಮೊಬೈಲ್ ರೂಮಿನ ಮಂಚದ ಮೇಲೆ. ಎರಡು ಗಂಟೆ ಹಾಗೇ ಕೂತಿದ್ದೆ. ದೊಡ್ಡಮ್ಮ ಬಂದು ಮೊದಲು ಕೇಳಿದ್ದೇನು ಗೊತ್ತಾ? ಈ ಸ್ಟೂಲ್ ಯಾರು ಇಲ್ಲಿ ತಂದಿಟ್ಟಿದ್ದು ಅಂತ.

ಒಳಗೆ ರಕ್ತ ಕಟ್ಟಿ ಊದಿಕೊಂಡಿದೆ ಅಂದರು ಡಾಕ್ಟರು. ಒಳಗೆ ಬಲೆ ಥರ ಮೆಶ್ ಇಟ್ಟು ಹೊಲಿದಿರುತ್ತಾರಂತೆ. ಅದರ ಸುತ್ತ ಮಾಂಸ ಬೆಳೆದು ಗಟ್ಟಿಯಾಗಬೇಕು, ಅದಕ್ಕೇ ನಾಲ್ಕರಿಂದ ಆರು ವಾರ ಭಾರ ಎತ್ತಬೇಡಿ ಅನ್ನುವುದು. ಮತ್ತೆ ಕುಯ್ಯಲಿಲ್ಲ, ಪುಣ್ಯ. ಒಂದೂವರೆ ತಿಂಗಳ ರೆಸ್ಟು ಮೂರು ತಿಂಗಳಾಯಿತು ಅಷ್ಟೇ.

ಇಷ್ಟಾಗಿ ಡಬ್ಬಿ ಅಲ್ಲಿ ಇರಲೇ ಇಲ್ಲ! ಹಿಂದಿನ ವರ್ಷ ಶಿವರಾತ್ರಿ ಜಾಗರಣೆಗೆ ಅಂತ ನಿಮ್ಮಪ್ಪ ತಗೊಂಡು ಹೋಗಿದ್ದ. ಬೆಳಿಗ್ಗೆಯೇ ಕೊಡುತ್ತೇನೆ ಅಣ್ಣ ಅಂದ. ಯಾವ ಬೆಳಿಗ್ಗೆ? ನಮ್ಮಜ್ಜಿ ಕಾಲದ ಕವಡೆ ಅವು, ಸವೆದು ನುಣ್ಣಗಾಗಿದ್ದವು. ಅವನೂ ಈ ಗುಂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ನನ್ನನ್ನು ನೋಡಲು ಬಂದವನು ಅರ್ಧ ಕೆಜಿ ಸೇಬು ಇಟ್ಟು, ಆಪರೇಷನ್ ಆಗಿ ಸತ್ತವರ ಕಥೆ ಮೂರು ಹೇಳಿ, ಕಾಫಿ ಕುಡಿದು ಹೋದ. ಬಂದವರೆಲ್ಲ ಹಾಗೇ. ಹಾರ್ಲಿಕ್ಸ್ ಬಾಟ್ಲಿ ಆರು ಸೇರಿದವು ಮನೆಯಲ್ಲಿ. ಕೂತು ಒಂದು ಆಟ ಆಡಿದವನು ಒಬ್ಬನೂ ಇಲ್ಲ.

ಇನ್ನೊಂದು ಸಲ ಹೇಳುತ್ತೇನೆ, ಸ್ಪೀಕರ್‌ಗೆ ಹಾಕಿ ಅಳಿಯಂದಿರಿಗೇ ಕೇಳಿಸು. ನೋವಿಲ್ಲ ಅಂತ ಕೈ ಹಾಕಬೇಡಿ. ಮೂಟೆ ಬೇಡ, ಸ್ಟೂಲೂ ಬೇಡ.

ಹಾಂ, ನೀನು ಕೇಳಿದ್ದು ಹೊತ್ತು ಕಳೆಯುವುದು ಹೇಗೆ ಅಂತ ಅಲ್ವಾ. ಮರೆತೇಬಿಟ್ಟೆ. ಮಂಚದ ಪಕ್ಕ ಒಂದು ಟೇಬಲ್ ಹಾಕು. ನೀರು, ಕನ್ನಡಕ, ಚಾರ್ಜರ್, ರಿಮೋಟ್, ಸುಧಾ, ಮಯೂರ ಏನಿದೆಯೋ ಎಲ್ಲ ಕೈಗೆ ಸಿಗುವ ಹಾಗೆ ಇಡು. ಬಗ್ಗುವುದು, ಹತ್ತುವುದು ಇರಬಾರದು. ಕಣ್ಣು ಸೋತರೆ ರೇಡಿಯೋ ಹಾಕಿಕೊಡು. ನಗಿಸುವ ವಿಡಿಯೋ ಮಾತ್ರ ಸದ್ಯಕ್ಕೆ ಬೇಡಮ್ಮ, ನಕ್ಕರೆ ಹೊಲಿಗೆ ಜಗ್ಗುತ್ತದೆ. ನಗು ತಡೆಯೋಕಾಗದಿದ್ದರೆ, ಕೆಮ್ಮು ಬಂದರೂ ಅಷ್ಟೇ, ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲಿ. ಗಂಟೆಗೊಂದು ಸಲ ಎದ್ದು ಹಜಾರದಲ್ಲಿ ನಾಲ್ಕು ಹೆಜ್ಜೆ ಹಾಕಲಿ. ಊತ, ಜ್ವರ, ಗಾಯ ಕೆಂಪಗಾಗುವುದು ಏನಾದರೂ ಕಂಡರೆ ನನ್ನನ್ನು ಕೇಳುತ್ತಾ ಕೂರಬೇಡ, ಡಾಕ್ಟರ ಹತ್ತಿರ ಹೋಗು.

ಸಂಜೆಗೆ ಚೌಕಾಬಾರ. ರಟ್ಟಿನ ಮೇಲೆ ಐದೈದರ ಸಾಲು, 25 ಮನೆ ಬರೆ. ನೆಲದ ಮೇಲಲ್ಲ, ಟೇಬಲ್ ಮೇಲೆ. ನೆಲಕ್ಕೆ ಕೂತು ಏಳುವಾಗ ಹೊಟ್ಟೆಗೆ ಬೀಳುತ್ತದೆ. ನಾಲ್ಕು ಹುಣಸೆ ಬೀಜ ತಗೊಂಡು ಒಂದು ಮಗ್ಗುಲು ಒರಟು ಕಲ್ಲಿಗೆ ತಿಕ್ಕಿದರೆ ಬೆಳ್ಳಗಾಗುತ್ತದೆ. ತಿಕ್ಕುವುದನ್ನು ಅಳಿಯಂದಿರಿಗೇ ಕೊಡು, ಅದರಲ್ಲೇ ಒಂದು ಗಂಟೆ ಹೋಗುತ್ತದೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು, ಬಾರ. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಭಾನುವಾರ ನಾನೂ ಬರುತ್ತೇನೆ, ಸೇಬು ತರಲ್ಲ. ನಿಮ್ಮಪ್ಪನಿಗೂ ಬರಲು ಹೇಳು, ಡಬ್ಬಿ ಹುಡುಕಿಕೊಂಡು ಬರಲಿ.