ಸಹಾಯ ಬೇಕು: ತೆರೆದಿಟ್ಟ 2ಟಿ ಆಯಿಲ್ ಬಳಸಬಹುದಾ?

ನಮಸ್ಕಾರ. ನಮ್ಮ ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಟೂ ಸ್ಟ್ರೋಕ್ ಮಿಷನ್ ಇದೆ. ಅದಕ್ಕೆ ತಂದ 2ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಎಂಜಿನ್ ಆಯಿಲ್) ಎರಡು ಡಬ್ಬಿ ಉಳಿದಿವೆ. ಸೀಲ್ ಒಡೆಯದ ಡಬ್ಬಿಯ ಚಿಂತೆ ಇಲ್ಲ, ಅದು ವರ್ಷಗಟ್ಟಲೆ ಕೆಡುವುದಿಲ್ಲ ಅಲ್ವಾ. ಇನ್ನೊಂದನ್ನು ಕಳೆದ ಮಳೆಗಾಲಕ್ಕೂ ಮೊದಲೇ ತೆರೆದದ್ದು. ಮುಚ್ಚಳ ಬಿಗಿಯಾಗಿದೆ, ಆದರೆ ಮಲೆನಾಡಿನ ತೇವ ಗೊತ್ತೇ ಇದೆಯಲ್ಲ.

ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿದೆ. ಬಣ್ಣ ಹಾಗೇ ಇದೆ, ಹಾಲಿನಂತೆ ಬೆಳ್ಳಗಾಗಿಲ್ಲ. ತಳದಲ್ಲಿ ಮಾತ್ರ ತೆಳ್ಳಗೆ ಗಸಿ ಕೂತಿದೆ, ಅಲುಗಾಡಿಸಿದರೆ ಬೆರೆಯುತ್ತದೆ. ಇದು ಆಯಿಲ್‌ನದೇ ಅಂಶವೋ, ನೀರು ಸೇರಿದೆಯೋ?

ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಹಾಕುತ್ತೇವೆ. ಎಥೆನಾಲ್ ಪೆಟ್ರೋಲ್ ತೇವ ಎಳೆಯುತ್ತದೆ, ಹಾಗಾಗಿ ಬೆರೆಸಿದ್ದನ್ನು ಇಟ್ಟುಕೊಳ್ಳುವುದಿಲ್ಲ. ಪಿಸ್ಟನ್ ಹಿಡಿದರೆ ರಿಪೇರಿ ಖರ್ಚು ಜಾಸ್ತಿ. ಮೆಕ್ಯಾನಿಕ್‌ಗಳು, ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.