ಪದಚರ್ಚೆ: ಕಲ್ಲು ಮುರಿಯುತ್ತಾ, ಒಡೆಯುತ್ತಾ? (ಶನಿವಾರದೊಳಗೆ ಬೇಕು)

ಸರಸ್ವತಿಪುರಂ, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಅಂಗಳದಲ್ಲಿ ಒಂದು ನೈಸ್ ಬಂಡೆ (gneiss, ಪಟ್ಟೆ ಪಟ್ಟೆಯಾಗಿರುವ ಒಂದು ಬಗೆಯ ಕಲ್ಲು) ನಿಲ್ಲಿಸಿದ್ದೇವೆ. ಪಾಂಡವಪುರದ ಕಡೆಯಿಂದ ತಂದದ್ದು. ಪಕ್ಕದಲ್ಲಿ ಫಲಕ ಹಾಕಬೇಕು, ಶನಿವಾರ ಬೋರ್ಡ್ ಬರೆಯುವವರಿಗೆ ಕೊಡಬೇಕು. ಬಂಡೆಯಲ್ಲಿ ಒಂದು ಬಿಳಿ ಪಟ್ಟೆ ಸೀರೆ ನೆರಿಗೆಯ ಹಾಗೆ ಮೂರು ಸಲ ಮಡಚಿಕೊಂಡಿದೆ, ಮಡಿಕೆಯಲ್ಲಿ ಎಲ್ಲೂ ಬಿರುಕು ಬಿಟ್ಟಿಲ್ಲ. ಅದೇ ಪಟ್ಟೆಯನ್ನು ಒಂದು ಸಣ್ಣ ಬಿರುಕು ಅಡ್ಡ ಕತ್ತರಿಸಿದೆ, ಬಿರುಕಿನ ಆಚೆ ಪಟ್ಟೆ ಎರಡು ಬೆರಳು ಕೆಳಗೆ ಜಾರಿದೆ. ಮೊದಲನೆಯದು ಡಕ್ಟೈಲ್, ಎರಡನೆಯದು ಬ್ರಿಟಲ್. ನನಗೆ ಕೊಟ್ಟ ಕರಡಿನಲ್ಲಿ ‘ತನ್ಯ’, ‘ಭಂಗುರ’ ಅಂತಿದೆ. ಸ್ಟ್ರೇನ್‌ಗೆ, ಅಂದರೆ ಬಲ ಬಿದ್ದಾಗ ಕಲ್ಲಿನ ಆಕಾರ ಬದಲಾಗುವುದಕ್ಕೆ, ‘ವಿಕೃತಿ’. ‘ಕಲ್ಲಿನ ವಿಕೃತಿ’ ಅಂತ ಬರೆಸಿದರೆ ಹುಡುಗರು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ ಅಷ್ಟೆ. ಬೇರೆ ಏನಾದರೂ ಇದೆಯಾ?

ಕುವೆಂಪುನಗರ, ಮೈಸೂರು:

‘ತನ್ಯ’ ಸರಿಯಾಗೇ ಇದೆ. ‘ತನ್’ ಅಂದರೆ ಹಿಗ್ಗಿಸು. ತಂತು, ತಂತಿ, ಸಂಗೀತದ ತಾನ ಎಲ್ಲ ಅದೇ ಮನೆಯ ಮಕ್ಕಳು. ಶಾಲೆಯಲ್ಲಿ ಲೋಹದ ಪಾಠದಲ್ಲೇ ‘ತನ್ಯತೆ’ ಬರುತ್ತದೆ. ಹೊಸದು ಹುಡುಕುವ ಚಪಲ ಬೇಡ.

ಮಂಡ್ಯ:

ಮೇಡಂ, ತಂತಿ ಎಳೆಯುವುದು ತಾಮ್ರವನ್ನು. ಕಲ್ಲನ್ನು ಯಾರೂ ತಂತಿ ಮಾಡಲ್ಲ. ಕಲ್ಲಿನ ವಿಷಯದಲ್ಲಿ ಡಕ್ಟೈಲ್ ಅಂದರೆ ಕಣ್ಣಿಗೆ ಕಾಣುವ ಬಿರುಕು ಬಿಡದೆ ಆಕಾರ ಬದಲಾಗುವುದು. ಹಿಂಡಿದರೂ ಸೈ, ಎಳೆದರೂ ಸೈ. ನಮ್ಮೂರ ಆಲೆಮನೆಗೆ ಬನ್ನಿ. ಕೊಪ್ಪರಿಗೆಯ ಬಿಸಿ ಪಾಕವನ್ನು ಎತ್ತಿ ಬಿಟ್ಟರೆ ನೂಲಿನ ಹಾಗೆ ಇಳಿಯುತ್ತದೆ. ಅದೇ ಪಾಕ ಅಚ್ಚಿನಲ್ಲಿ ಆರಿದ ಮೇಲೆ ನೆಲಕ್ಕೆ ಕುಕ್ಕಿದರೆ ಎರಡು ಚೂರು. ಪದಾರ್ಥ ಒಂದೇ, ಹದ ಬೇರೆ. ಆ ಬಿಳಿ ಪಟ್ಟೆಯ ಬೆಣಚು (ಕ್ವಾರ್ಟ್ಸ್) ಸುಮಾರು 300 ಡಿಗ್ರಿ ದಾಟಿದ ಮೇಲೆ ಬಗ್ಗುವುದಕ್ಕೆ ಶುರು ಮಾಡುತ್ತದೆ. ಫೆಲ್ಡ್‌ಸ್ಪಾರ್ ಎಂಬ ಇನ್ನೊಂದು ಖನಿಜ ಹಟಮಾರಿ, ಅದಕ್ಕೆ ಇನ್ನೂ ನೂರೈವತ್ತು ಡಿಗ್ರಿ ಜಾಸ್ತಿ ಬೇಕು. ಅಷ್ಟು ಕಾವು ಸಿಗಬೇಕಾದರೆ ಹತ್ತು ಕಿಲೋಮೀಟರಿಗೂ ಆಳಕ್ಕೆ ಹೋಗಬೇಕು. ಅಂದರೆ ನೆರಿಗೆ ಬಿದ್ದದ್ದು ಆಳದಲ್ಲಿ, ನಿಧಾನಕ್ಕೆ. ಬಿರುಕು ಬಂದದ್ದು ಕಲ್ಲು ಮೇಲೆ ಬಂದು ಆರಿದ ಮೇಲೆ. ನನ್ನ ಓಟು: ಮಣಿತ, ಮುರಿತ.

ಜಯಲಕ್ಷ್ಮೀಪುರಂ, ಮೈಸೂರು:

‘ಮುರಿತ’ ತಪ್ಪು. ಹಳಗನ್ನಡದಲ್ಲಿ ‘ಮುಱಿ’ ಅಂದರೆ ತುಂಡಾಗು, ‘ಮುರಿ’ ಅಂದರೆ ಬಾಗು, ತಿರುಚು. ಶಕಟರೇಫ (ಱ ಅಕ್ಷರ) ಕೈಬಿಟ್ಟು ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೇವೆ. ಮೈ ಮುರಿಯುವಾಗ ಯಾರ ಮೈಯಾದರೂ ತುಂಡಾಗುತ್ತದೆಯೇ? ನಿಮ್ಮ ‘ಮುರಿತ’ ಬಾಗಿದ್ದೋ, ತುಂಡಾದದ್ದೋ? ಬರೆಯುವುದಾದರೆ ‘ಮುಱಿತ’ ಎಂದೇ ಬರೆಸಿ.

ಮದ್ದೂರು:

ಸಂಸ್ಕ್ರುತದ ‘ಬಂಗುರ’ವೂ ಬೇಡ, ಸತ್ತುಹೋದ ಱ ಕೂಡ ಬೇಡ. ಬಾಯಲ್ಲಿ ಇಲ್ಲದ್ದು ಬರಹದಲ್ಲಿ ಯಾಕೆ? ಕಲ್ಲು ಮುರಿಯಲ್ಲ, ಕಡ್ಡಿ ಮುರಿಯುತ್ತದೆ. ಕಲ್ಲು ಒಡೆಯುತ್ತದೆ, ಸೀಳುತ್ತದೆ. ಕಲ್ಲು ಕುಟ್ಟುವವರನ್ನು ಕೇಳಿ. ಬೂಮಿಯ ಮಾತಿಗೆ ಬೂಮಿಯ ಮೇಲೆ ದುಡಿಯುವವರ ನುಡಿ ಸಾಕು.

ಕುವೆಂಪುನಗರ, ಮೈಸೂರು:

ಮೊದಲು ‘ಭೂಮಿ’ಯ ಮಹಾಪ್ರಾಣ ವಾಪಸ್ ಕೊಡಿ, ಆಮೇಲೆ ಮಾತಾಡೋಣ.

ಮಂಡ್ಯ:

ಮದ್ದೂರಿನವರು ಒಡೆಯುವುದರ ಬಗ್ಗೆ ಹೇಳಿದ್ದು ನ್ಯಾಯ. ‘ಮುರಿತ’ ವಾಪಸ್. ಪ್ರಾಸದ ಆಸೆಗೆ ಬಿದ್ದೆ. ಆದರೆ ಎರಡು ದಿನದಿಂದ ಯಾವುದು ಒಳಗಿನ ಪದ, ಯಾವುದು ಹೊರಗಿನದು ಅಂತ ಕಿತ್ತಾಡುತ್ತಿದ್ದೇವೆ, ‘ನೈಸ್’ ಜರ್ಮನಿಯಿಂದ ಬಂದದ್ದು ಅಂತ ಒಬ್ಬರೂ ಎತ್ತಲಿಲ್ಲ. ಬೋರ್ಡಿನಲ್ಲಿ ‘ನೈಸ್ ಬಂಡೆ’ ಅಂತ ನೋಡಿ ಜನ ಕೈಯಾಡಿಸಿ ‘ಎಲ್ಲಿ ನೈಸಾಗಿದೆ?’ ಅಂತ ಕೇಳುತ್ತಾರೆ. ‘ಪಟ್ಟೆಕಲ್ಲು’ ಅಂತ ಒಂದು ಸಾಲು ಸೇರಿಸಿ. ಇನ್ನೊಂದು ಮಾತು. ಸ್ಟ್ರೆಸ್‌ಗೆ, ಅಂದರೆ ಕಲ್ಲಿನ ಮೇಲೆ ಬೀಳುವ ಬಲಕ್ಕೆ, ಸುಮ್ನೆ ‘ಒತ್ತಡ’ ಅಂದರೆ ಸಾಲದು. ಕೆರೆಯಲ್ಲಿ ಮುಳುಗಿದರೆ ನೀರು ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತದೆ, ಅದೂ ಒತ್ತಡವೇ. ಹಾಗೆ ಸಮನಾಗಿ ಒತ್ತಿದರೆ ಪಟ್ಟೆ ನೆರಿಗೆಯಾಗಲ್ಲ. ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಇರಬೇಕು. ಚಪಾತಿ ಹಿಟ್ಟನ್ನು ಎರಡು ಅಂಗೈ ನಡುವೆ ಅದುಮಿದರೆ ಪಕ್ಕಕ್ಕೆ ಹರಡುತ್ತದಲ್ಲ, ಹಾಗೆ.

ಸರಸ್ವತಿಪುರಂ, ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಕೊಟ್ಟದ್ದು ಇಷ್ಟು: ‘ಪಟ್ಟೆಕಲ್ಲು, ನೈಸ್. ಆಳದ ಕಾವಿನಲ್ಲಿ ಪಕ್ಕದಿಂದ ಅದುಮಿದಾಗ ಮಣಿಯಿತು. ಮೇಲೆ ಬಂದು ಆರಿದ ಮೇಲೆ ಒಡೆಯಿತು.’ ಸ್ಟ್ರೇನ್‌ಗೆ ಬೇರೆ ಪದ ಬೇಕಾಗಲೇ ಇಲ್ಲ, ‘ಮಣಿಯಿತು’ ಅಂದರೇ ಸಾಕಾಯಿತು. ಜಯಲಕ್ಷ್ಮೀಪುರಂ ಮೇಷ್ಟ್ರೇ, ನಿಮ್ಮ ಸಮಾಧಾನಕ್ಕೆ ಅಂಗಡಿಯಲ್ಲಿ ವಿಚಾರಿಸಿದೆ. ಅವರ ಫಾಂಟಿನಲ್ಲಿ ಱ ಇಲ್ಲವಂತೆ.

ಜಯಲಕ್ಷ್ಮೀಪುರಂ, ಮೈಸೂರು:

ಅಂಗಡಿ ಬದಲಾಯಿಸಿ.