ಸಹಾಯ ಬೇಕು: ಅಮ್ಮ ಸ್ಟೀರಾಯ್ಡ್ ಮಾತ್ರೆ ಬಿಡುತ್ತೇನೆ ಎನ್ನುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 61 ವರ್ಷ, ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಇದೆ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ತಿಂಡಿ ಆದ ಮೇಲೆ 10 ಮಿ.ಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೊದಲು ಬೆರಳು ಮಡಚಲೂ ಆಗುತ್ತಿರಲಿಲ್ಲ, ಈಗ ರೊಟ್ಟಿ ತಟ್ಟುತ್ತಾರೆ. ಆದರೆ ಮುಖ ಊದಿಕೊಂಡಿದೆ, ಶುಗರ್ ಜಾಸ್ತಿ ಆಗಿದೆ. ಪಕ್ಕದ ಮನೆಯವರು "ಸ್ಟೀರಾಯ್ಡ್ ಅಂದ್ರೆ ವಿಷ" ಎಂದಿದ್ದೇ ತಡ, ನಾಳೆಯಿಂದಲೇ ಬಿಡುತ್ತೇನೆ ಎಂದು ಹಟ ಹಿಡಿದಿದ್ದಾರೆ.

ಡಾಕ್ಟರು ಹೇಳಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಕಿಡ್ನಿಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತವೆ. ಈ ಮಾತ್ರೆಯೂ ಅದರಂತೆಯೇ ಕೆಲಸ ಮಾಡುತ್ತದೆ. ಜೀವಕೋಶದ ಒಳಗೆ ಹೋಗಿ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ತಯಾರಾಗುವುದನ್ನೇ ತಗ್ಗಿಸುತ್ತದೆ. ಬಿಳಿ ರಕ್ತಕಣಗಳು ಕೀಲುಗಳಿಗೆ ನುಗ್ಗುವುದು ಕಡಿಮೆಯಾಗಿ ಊತ, ನೋವು ಇಳಿಯುತ್ತದೆ. ಆದರೆ ಸೋಂಕಿನ ವಿರುದ್ಧ ಹೋರಾಡಬೇಕಾದವೂ ಅದೇ ಕಣಗಳು ಅಲ್ವಾ? ಹಾಗಾಗಿ ಸೋಂಕು ಬೇಗ ತಗಲಬಹುದು. ಜ್ವರ ಸರಿಯಾಗಿ ಕಾಣಿಸದೆಯೂ ಇರಬಹುದು.

ನನಗೆ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ಕಾರ್ಟಿಸಾಲ್‌ನಂಥದ್ದು ಮಾತ್ರೆಯಿಂದಲೇ ಸಿಗುತ್ತಿರುವಾಗ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ಕಡಿಮೆ ಮಾಡಿಬಿಡುತ್ತವೆ. ಒಮ್ಮೆಲೇ ಮಾತ್ರೆ ಬಿಟ್ಟರೆ ವಿಪರೀತ ಸುಸ್ತು, ವಾಂತಿ, ಬಿಪಿ ಕುಸಿಯುವುದು, ಕೆಲವೊಮ್ಮೆ ಜೀವಕ್ಕೇ ಅಪಾಯ. ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಅದೂ ಡಾಕ್ಟರು ಹೇಳಿದಂತೆ. ಅಮ್ಮನಿಗೆ ಇದನ್ನು ಎಷ್ಟು ಹೇಳಿದರೂ ಕೇಳುತ್ತಿಲ್ಲ.

ನಿಮ್ಮ ಮನೆಯಲ್ಲಿ ಹೀಗೆ ನಿಧಾನವಾಗಿ ಡೋಸ್ ಇಳಿಸಿದವರು ಇದ್ದಾರಾ? ಮುಖದ ಊತ ಹೋಗಲು ಎಷ್ಟು ದಿನ ಹಿಡಿಯಿತು? ಹಿರಿಯರನ್ನು ಹೇಗೆ ಒಪ್ಪಿಸಿದಿರಿ? ದಯವಿಟ್ಟು ಬರೆಯಿರಿ. ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಓದಿ ಹೇಳುತ್ತೇನೆ.